ಗೇಟಿನ ಕಾಸು: ಕೋವಿಡ್ ವರ್ಷದಲ್ಲಿ ಇಂಗ್ಲೆಂಡಿನ ಸಣ್ಣ ಫುಟ್‌ಬಾಲ್ ಕ್ಲಬ್‌ಗಳು

2020ರ ಸೆಪ್ಟೆಂಬರ್‌ನ ಶನಿವಾರಗಳಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ತಲೆಕೆಳಗಾಗಿತ್ತು. ಓಲ್ಡ್ ಟ್ರಾಫರ್ಡ್, ಆನ್‌ಫೀಲ್ಡ್‌ನಂಥ ಮಹಾ ಕ್ರೀಡಾಂಗಣಗಳು ಬಿಕೋ ಎನ್ನುತ್ತಿದ್ದವು. ಟಿವಿಯವರು ಹಳೆಯ ಪಂದ್ಯಗಳ ಗದ್ದಲವನ್ನು ಹಿನ್ನೆಲೆಗೆ ಸೇರಿಸಿ ಆಟ ತೋರಿಸುತ್ತಿದ್ದರು. ಅದೇ ಹೊತ್ತಿಗೆ ಸಣ್ಣ ಪಟ್ಟಣಗಳ ತಗಡಿನ ಸೂರಿನ ಮೈದಾನಗಳಲ್ಲಿ ಮುನ್ನೂರು, ನಾನೂರು ಜನ ದುಡ್ಡು ಕೊಟ್ಟು ಒಳಗೆ ಬಂದು, ಕಂಬಿಗೆ ಒರಗಿ ನಿಂತು ಆಟ ನೋಡುತ್ತಿದ್ದರು. ತಮ್ಮ ನೆಚ್ಚಿನ ದೊಡ್ಡ ತಂಡದ ಮೈದಾನಕ್ಕೆ ಕಾಲಿಡಲಾಗದ ಅಭಿಮಾನಿಗಳು ಮನೆ ಹತ್ತಿರದ ಈ ಮೈದಾನಗಳ ದಾರಿ ಹಿಡಿದರು. ಅಲ್ಲಿ ಆಡುತ್ತಿದ್ದವರು ವಾರವಿಡೀ ಗಾರೆ ಕೆಲಸ, ಶಾಲೆ ಪಾಠ, ಗೋದಾಮಿನ ಕೆಲಸ ಮುಗಿಸಿ ಬೂಟು ಕಟ್ಟುವವರು.

ದೇಶದಲ್ಲಿ ಜನ ಸೇರಿ ನೋಡಬಹುದಾದ ಫುಟ್‌ಬಾಲ್ ಹೆಚ್ಚುಕಡಿಮೆ ಅದೊಂದೇ ಆಗಿತ್ತು. ಆ ಅವಕಾಶ ಹೇಗೆ ಬಂತು, ಎಷ್ಟು ಬೇಗ ಕೈತಪ್ಪಿತು, ನಡುವೆ ಯಾರು ಎಷ್ಟು ಕಳೆದುಕೊಂಡರು ಎಂಬುದನ್ನು ದಾಖಲಿಸಬೇಕು. ಕೋವಿಡ್ ಕಾಲದ ಕ್ರೀಡಾ ಇತಿಹಾಸವೆಂದರೆ ಪ್ರೀಮಿಯರ್ ಲೀಗ್, ಐಪಿಎಲ್, ಒಲಿಂಪಿಕ್ಸ್ ಎಂದೇ ಬರೆಯಲಾಗುತ್ತಿದೆ. ಟಿವಿ ಕ್ಯಾಮೆರಾ ಹೋಗದ ಮೈದಾನಗಳ ಕಥೆ ಬೇರೆಯೇ ಇದೆ.

ಇಂಗ್ಲೆಂಡಿನ ಫುಟ್‌ಬಾಲ್ ಒಂದೇ ಏಣಿಯ ಮೇಲೆ ನಿಂತಿದೆ. ತುದಿಯಲ್ಲಿ ಪ್ರೀಮಿಯರ್ ಲೀಗ್‌ನ 20 ಕ್ಲಬ್‌ಗಳು, ಅದರ ಕೆಳಗೆ ಮೂರು ವಿಭಾಗಗಳ 72 ಕ್ಲಬ್‌ಗಳು. ಇವರೆಲ್ಲ ಪೂರ್ಣ ವೃತ್ತಿಪರರು. ಅಲ್ಲಿಂದ ಕೆಳಗಿನದನ್ನು ‘ನಾನ್-ಲೀಗ್’ ಎನ್ನುತ್ತಾರೆ. ಅಲ್ಲಿ ಮೆಟ್ಟಿಲುಗಳನ್ನು ಹೊಸದಾಗಿ ಎಣಿಸುತ್ತಾರೆ. ನ್ಯಾಷನಲ್ ಲೀಗ್‌ನ ಮೇಲಿನ ವಿಭಾಗ ಒಂದನೇ ಸ್ಟೆಪ್, ಅದರ ಉತ್ತರ ಮತ್ತು ದಕ್ಷಿಣ ವಿಭಾಗಗಳು ಎರಡನೇ ಸ್ಟೆಪ್. ನಾರ್ದರ್ನ್ ಪ್ರೀಮಿಯರ್, ಸದರ್ನ್, ಇಸ್ತ್‌ಮಿಯನ್ ಎಂಬ ಮೂರು ಹಳೆಯ ಲೀಗ್‌ಗಳು ಮೂರು, ನಾಲ್ಕನೇ ಸ್ಟೆಪ್. ಐದು, ಆರರಲ್ಲಿ ಊರು, ಜಿಲ್ಲೆ ಮಟ್ಟದ ಲೀಗ್‌ಗಳು. ಚೆನ್ನಾಗಿ ಆಡಿದರೆ ಕೆಳಗಿನ ಮೆಟ್ಟಿಲಿನ ಕ್ಲಬ್ ಕೂಡ ವರ್ಷ ವರ್ಷ ಮೇಲೇರಬಹುದು.

ಈ ಮೆಟ್ಟಿಲುಗಳ ಬಹುಪಾಲು ಆಟಗಾರರು ಅರೆವೃತ್ತಿಪರರು. ಮಂಗಳವಾರ, ಗುರುವಾರ ಸಂಜೆ ಅಭ್ಯಾಸ, ಶನಿವಾರ ಪಂದ್ಯ, ವಾರಕ್ಕಿಷ್ಟು ಎಂದು ಒಂದಿಷ್ಟು ಸಂಭಾವನೆ. ಸಂಸಾರ ನಡೆಯುವುದು ಹಗಲಿನ ನೌಕರಿಯಿಂದ. ಕ್ಲಬ್‌ಗೆ ಟಿವಿ ಹಣವೆಂದರೆ ಸೊನ್ನೆ ಅಥವಾ ಸೊನ್ನೆಯ ಸಮೀಪ. ಶನಿವಾರ ಮಧ್ಯಾಹ್ನ ಗೇಟಿನಲ್ಲಿ ಬರುವ ಕಾಸು, ಕ್ಲಬ್ ಕಟ್ಟಡದ ಬಾರ್‌ನಲ್ಲಿ ಮಾರಾಟವಾಗುವ ಬಿಯರ್, ಗೂಡಂಗಡಿಯ ಚಹಾ ಮತ್ತು ಬರ್ಗರ್, ಮಧ್ಯಂತರದ ಲಾಟರಿ ಚೀಟಿ, ಮದುವೆ ಮುಂಜಿಗೆ ಬಾಡಿಗೆ ಕೊಡುವ ಹಾಲ್, ಇವೇ ಆದಾಯ. ಹಾಗಾಗಿ ‘ಪ್ರೇಕ್ಷಕರಿಲ್ಲದೆ ಆಡಿ’ ಎಂದು ಪ್ರೀಮಿಯರ್ ಲೀಗ್‌ಗೆ ಹೇಳುವುದಕ್ಕೂ ಇವರಿಗೆ ಹೇಳುವುದಕ್ಕೂ ಅಜಗಜಾಂತರ. ಖಾಲಿ ಮೈದಾನದಲ್ಲಿ ಆಡಿದರೂ ದೊಡ್ಡವರಿಗೆ ಟಿವಿ ಒಪ್ಪಂದದ ಹಣ ಬರುತ್ತದೆ. ಇವರಿಗೆ ಬರುವುದು ರೆಫರಿಯ ಫೀ, ಬಸ್ ಬಾಡಿಗೆ, ದೀಪದ ಬಿಲ್ಲು.

2020ರ ಮಾರ್ಚ್ 13ರಂದು ವೃತ್ತಿಪರ ಫುಟ್‌ಬಾಲ್ ನಿಂತಿತು. ಕೆಲವು ದಿನಗಳಲ್ಲಿ ಕೆಳಗಿನ ಲೀಗ್‌ಗಳೂ ಬಾಗಿಲು ಹಾಕಿದವು. ಮಾರ್ಚ್ 26ರಂದು ಫುಟ್‌ಬಾಲ್ ಅಸೋಸಿಯೇಷನ್, ಅಂದರೆ ಎಫ್‌ಎ, ಒಂದು ಕಟುವಾದ ನಿರ್ಧಾರ ಪ್ರಕಟಿಸಿತು: ಮೂರನೇ ಸ್ಟೆಪ್‌ನಿಂದ ಕೆಳಗಿನ ಎಲ್ಲ ಲೀಗ್‌ಗಳ ಋತು ಅಲ್ಲಿಗೇ ಮುಗಿಯಿತು, ಆಡಿದ ಎಲ್ಲ ಪಂದ್ಯಗಳ ಫಲಿತಾಂಶವನ್ನೂ ಅಳಿಸಿಹಾಕಲಾಗುತ್ತದೆ, ಬಡ್ತಿಯೂ ಇಲ್ಲ, ಹಿಂಬಡ್ತಿಯೂ ಇಲ್ಲ.

ಏಳು ತಿಂಗಳ ಬೆವರು ದಾಖಲೆಯಿಂದಲೇ ಮಾಯ. ಈಶಾನ್ಯ ಇಂಗ್ಲೆಂಡಿನ ಸೌತ್ ಶೀಲ್ಡ್ಸ್ ಕ್ಲಬ್ ನಾರ್ದರ್ನ್ ಪ್ರೀಮಿಯರ್ ಲೀಗ್‌ನಲ್ಲಿ 12 ಅಂಕಗಳ ಅಂತರದಿಂದ ಮುಂದಿತ್ತು. ಇಂಗ್ಲಿಷ್ ಕಾಲುವೆಯ ದ್ವೀಪದಿಂದ ಬಂದು ತನ್ನ ಮೊದಲ ಋತು ಆಡುತ್ತಿದ್ದ ಜರ್ಸಿ ಬುಲ್ಸ್ ಲೀಗ್‌ನಲ್ಲಿ 27 ಪಂದ್ಯ ಆಡಿ 27ನ್ನೂ ಗೆದ್ದಿತ್ತು, ಅದರ ಬಡ್ತಿ ಆಗಲೇ ಖಚಿತವಾಗಿತ್ತು. ಎರಡಕ್ಕೂ ಸಿಕ್ಕಿದ್ದು ಶೂನ್ಯ. ತೀರ್ಮಾನವನ್ನು ಮರುಪರಿಶೀಲಿಸಿ ಎಂದು ಹತ್ತಾರು ಕ್ಲಬ್‌ಗಳು ಸಹಿ ಹಾಕಿ ಪತ್ರ ಬರೆದವು. ಎಫ್‌ಎ ಮಂಡಳಿ ಏಪ್ರಿಲ್‌ನಲ್ಲಿ ತನ್ನ ಮಾತಿಗೇ ಅಂಟಿಕೊಂಡಿತು. ಸೌತ್ ಶೀಲ್ಡ್ಸ್ ಮಧ್ಯಸ್ಥಿಕೆ ಮಂಡಳಿಗೆ ಹೋಗಿ ಅಲ್ಲೂ ಸೋತಿತು.

ಮೇಲಿನ ಎರಡು ಸ್ಟೆಪ್‌ಗಳಿಗೆ ಮಾತ್ರ ಬೇರೆ ನ್ಯಾಯ ಸಿಕ್ಕಿತು. ಅಲ್ಲಿ ಆಡಿದ ಪಂದ್ಯಗಳ ಸರಾಸರಿ ಅಂಕ ಲೆಕ್ಕ ಹಾಕಿ ಸ್ಥಾನ ನಿರ್ಧರಿಸಿದರು. 1972ರಲ್ಲಿ ಫುಟ್‌ಬಾಲ್ ಲೀಗ್‌ನಿಂದ ಹೊರಬಿದ್ದಿದ್ದ ಬ್ಯಾರೊ ಕ್ಲಬ್ 48 ವರ್ಷಗಳ ನಂತರ ಹೀಗೆ ಮರಳಿ ಒಳಗೆ ಬಂತು. ಬ್ಯಾರೊ ಅದಕ್ಕೆ ಅರ್ಹವೇ. ಆದರೆ ಅದೇ ಗಣಿತ ಸೌತ್ ಶೀಲ್ಡ್ಸ್‌ಗೆ ಯಾಕೆ ಒಗ್ಗಲಿಲ್ಲ ಎಂಬ ಪ್ರಶ್ನೆಗೆ ಒಪ್ಪುವಂಥ ಉತ್ತರ ಯಾರೂ ಕೊಡಲಿಲ್ಲ.

ಬೇಸಿಗೆಯಲ್ಲಿ ಕ್ಲಬ್‌ಗಳು ಹೇಗೋ ಉಸಿರು ಹಿಡಿದವು. ಸರ್ಕಾರದ ಫರ್ಲೋ ಯೋಜನೆಯಲ್ಲಿ ಕರಾರು ಇದ್ದ ಆಟಗಾರರಿಗೆ, ನೌಕರರಿಗೆ ಸಂಬಳದ ಶೇ 80ರಷ್ಟು, ತಿಂಗಳಿಗೆ 2,500 ಪೌಂಡ್ ಮೀರದಂತೆ, ಸಿಗುತ್ತಿತ್ತು. ಅಭಿಮಾನಿಗಳು ಆನ್‌ಲೈನ್‌ನಲ್ಲಿ ಚಂದಾ ಎತ್ತಿದರು. ಅಷ್ಟರಿಂದ ಬೇಸಿಗೆ ದಾಟಬಹುದಿತ್ತು, ಋತು ಆಡಲು ಆಗುತ್ತಿರಲಿಲ್ಲ. ಜನ ಬರಬೇಕಿತ್ತು.

ಆಗಸ್ಟ್ ಕೊನೆಗೆ ಆ ಅನುಮತಿ ಬಂತು, ಬಂದದ್ದು ಒಂದು ವಿಚಿತ್ರ ರೇಖೆಯೊಂದಿಗೆ. ಒಂದು ಮತ್ತು ಎರಡನೇ ಸ್ಟೆಪ್‌ನವರನ್ನು ಸರ್ಕಾರ ‘ಎಲೀಟ್’ ಪಟ್ಟಿಗೆ ಸೇರಿಸಿತು. ಹಾಗಾಗಿ ಅವರು ಪ್ರೀಮಿಯರ್ ಲೀಗ್‌ನವರಂತೆ ಪ್ರೇಕ್ಷಕರಿಲ್ಲದೆ ಆಡಬೇಕು. ಮೂರರಿಂದ ಆರನೇ ಸ್ಟೆಪ್‌ನವರು ಆ ಪಟ್ಟಿಯಲ್ಲಿಲ್ಲ, ಅವರಿಗೆ ಜನ ಬರಬಹುದು. ಆಯಾ ದರ್ಜೆಯ ಮೈದಾನಕ್ಕೆ ನಿಗದಿಯಾದ ಕನಿಷ್ಠ ಸಾಮರ್ಥ್ಯದ ಶೇ 15ರಷ್ಟು ಮೊದಲು, ಆಮೇಲೆ ಶೇ 30ರಷ್ಟು. ಅಂದರೆ ಮೂರನೇ ಸ್ಟೆಪ್‌ನಲ್ಲಿ 600 ಜನ, ನಾಲ್ಕರಲ್ಲಿ 400, ಐದರಲ್ಲಿ 300, ಆರರಲ್ಲಿ 150.

ಈ ಮುನ್ನೂರರ ಲೆಕ್ಕ ಓದುವಾಗ ನನ್ನ ಮನಸ್ಸು ಪೂರ್ವ ಲಂಡನ್ನಿನ ಇಲ್‌ಫರ್ಡ್‌ನ ಕ್ರಿಕಲ್‌ಫೀಲ್ಡ್ ಮೈದಾನಕ್ಕೆ ಹೋಗುತ್ತದೆ. ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ 1948ರ ಜುಲೈ 31ರಂದು ತನ್ನ ಮೊದಲ ಒಲಿಂಪಿಕ್ಸ್ ಪಂದ್ಯವನ್ನು ಫ್ರಾನ್ಸ್ ವಿರುದ್ಧ ಆಡಿದ್ದು ಅಲ್ಲೇ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಎರಡು ಪೆನಾಲ್ಟಿ ಕಳೆದುಕೊಂಡು 1–2ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಬೆಂಗಳೂರಿನವರೇ ಆದ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದರು. ಒಲಿಂಪಿಕ್ಸ್ ನೋಡಿದ ಅದೇ ಕ್ರಿಕಲ್‌ಫೀಲ್ಡ್ ಈಗ ಇಲ್‌ಫರ್ಡ್ ಕ್ಲಬ್‌ನ ಮನೆ ಮೈದಾನ. 2020ರ ನಿಯಮದಂತೆ ಐದನೇ ಸ್ಟೆಪ್‌ನ ಆ ಮೈದಾನಕ್ಕೂ ಮಿತಿ ಮುನ್ನೂರೇ.

ಜನರನ್ನು ಒಳಗೆ ಬಿಡುವುದೂ ಸಲೀಸಾಗಿರಲಿಲ್ಲ. ಇಂಥ ಕ್ಲಬ್‌ಗಳನ್ನು ನಡೆಸುವವರು ಸಂಬಳದ ನೌಕರರಲ್ಲ. ಗೇಟಿನಲ್ಲಿ ಕೂರುವವರು, ಹುಲ್ಲು ಕತ್ತರಿಸುವವರು, ಚಹಾ ಕಾಯಿಸುವವರು, ಲೆಕ್ಕ ಬರೆಯುವವರು ಬಹುತೇಕ ನಿವೃತ್ತರಾದ ಹಿರಿಯರು. ವೈರಸ್ಸಿಗೆ ಎಲ್ಲರಿಗಿಂತ ಹೆಚ್ಚು ಹೆದರಬೇಕಾದ ವಯಸ್ಸಿನವರೇ ಕೋವಿಡ್ ಸುರಕ್ಷತೆಯ ಅಧಿಕಾರಿಗಳಾಗಿ, ಅಪಾಯದ ಅಂದಾಜು ಪತ್ರ ತುಂಬಿ, ಮೈದಾನದ ನಕ್ಷೆಯ ಮೇಲೆ ಒಳದಾರಿ, ಹೊರದಾರಿಯ ಬಾಣಗಳನ್ನು ಗುರುತು ಹಾಕಿದರು.

ಪಂದ್ಯದ ದಿನ ಬಂದವರೆಲ್ಲರ ಹೆಸರು, ಫೋನ್ ನಂಬರ್ ಬರೆದುಕೊಂಡು 21 ದಿನ ಇಟ್ಟುಕೊಳ್ಳಬೇಕು. ಸೆಪ್ಟೆಂಬರ್ 24ರಿಂದ ಅದಕ್ಕೆ ಕ್ಯುಆರ್ ಕೋಡ್ ಪೋಸ್ಟರ್ ಸೇರಿತು. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯ ಪ್ರೇಕ್ಷಕರಿಗಾಗಿ ಪೆನ್ನು ಪುಸ್ತಕವೂ ಇರಲೇಬೇಕು, ಆ ಪೆನ್ನನ್ನು ಒಬ್ಬೊಬ್ಬರು ಮುಟ್ಟಿದ ಮೇಲೂ ಒರೆಸಬೇಕು. ಕಂಬಿಯ ಉದ್ದಕ್ಕೂ ಅಂತರ ತೋರಿಸುವ ಟೇಪು. ಸ್ಟ್ಯಾಂಡಿನಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು. ಚೆಂಡು ಹೊರಗೆ ಬಂದರೆ ಪ್ರೇಕ್ಷಕರು ಮುಟ್ಟುವಂತಿಲ್ಲ. ಕೂಗಾಟ, ಹಾಡು, ಗೋಲಾದಾಗ ಅಪ್ಪಿಕೊಳ್ಳುವುದು ಬೇಡ. ಸೆಪ್ಟೆಂಬರ್ 14ರಿಂದ ಆರು ಜನಕ್ಕಿಂತ ಹೆಚ್ಚು ಗುಂಪುಗೂಡುವಂತಿರಲಿಲ್ಲ. ಒಳಗೆ ನಾನೂರು ಜನರಿಗೆ ಅನುಮತಿ ಇದೆ, ಆದರೆ ಏಳು ಗೆಳೆಯರು ಒಟ್ಟಿಗೆ ನಿಂತು ನೋಡುವಂತಿಲ್ಲ.

ಆಟಗಾರರ ಪಾಡು ಇನ್ನೊಂದು. ಅರೆವೃತ್ತಿಪರ ತಂಡಗಳಲ್ಲಿ ಮೂವರು ನಾಲ್ವರು ಒಂದೇ ಕಾರಿನಲ್ಲಿ ಬರುವುದು ರೂಢಿ. ಪೆಟ್ರೋಲ್ ಖರ್ಚು ಹಂಚಿಕೊಳ್ಳದಿದ್ದರೆ ಸಿಗುವ ಸಂಭಾವನೆ ದಾರಿಯಲ್ಲೇ ಕರಗುತ್ತದೆ. ಈಗ ಕಾರು ಹಂಚಿಕೊಳ್ಳಬೇಡಿ, ಜೆರ್ಸಿ ಮನೆಯಲ್ಲೇ ತೊಟ್ಟು ಬನ್ನಿ, ಬಟ್ಟೆ ಬದಲಿಸುವ ಕೋಣೆಯಲ್ಲಿ ನಿಲ್ಲಬೇಡಿ ಎಂದರು. ತಂಡದಲ್ಲಿ ಒಬ್ಬನಿಗೆ ಸೋಂಕು ಬಂದರೆ ಅವನ ಸಂಪರ್ಕದವರೆಲ್ಲ 14 ದಿನ ಮನೆಯಲ್ಲಿ ಕೂರಬೇಕು. ಪ್ರೀಮಿಯರ್ ಲೀಗ್ ಆಟಗಾರ ಕೂತರೂ ಅವನ ಸಂಬಳ ನಿಲ್ಲುವುದಿಲ್ಲ. ದಿನಗೂಲಿಯ ಗಾರೆಯವನು ಕೂತರೆ ಎರಡು ವಾರದ ಅನ್ನಕ್ಕೇ ಸಂಚಕಾರ. ಶನಿವಾರದ ಆಟಕ್ಕಾಗಿ ಸೋಮವಾರದ ಕೆಲಸ ಕಳೆದುಕೊಳ್ಳುವ ಭಯ ಹಲವರನ್ನು ಕಾಡಿತು.

ಇಷ್ಟೆಲ್ಲ ಇದ್ದರೂ ಆ ಆರೆಂಟು ವಾರ ಹಬ್ಬದಂತಿದ್ದವು. ಹಲವು ಮೈದಾನಗಳಲ್ಲಿ ಟಿಕೆಟ್ ಮುಂಚಿತವಾಗಿ ಆನ್‌ಲೈನ್‌ನಲ್ಲೇ ಖಾಲಿಯಾದವು. ತಿಂಗಳುಗಟ್ಟಲೆ ನಾಲ್ಕು ಗೋಡೆಯ ನಡುವೆ ಒಂಟಿಯಾಗಿದ್ದ ಹಿರಿಯರಿಗೆ ಅದು ಪಂದ್ಯಕ್ಕಿಂತ ದೊಡ್ಡದು, ಪರಿಚಿತ ಮುಖಗಳನ್ನು ನೋಡುವ ಅವಕಾಶ. ಕ್ಲಬ್‌ಗಳು ಲಾಕ್‌ಡೌನ್‌ನಲ್ಲಿ ಇಂಥವರ ಮನೆಗೆ ಫೋನ್ ಮಾಡಿ ವಿಚಾರಿಸಿದ್ದವು, ದಿನಸಿ ತಲುಪಿಸಿದ್ದವು. ಈ ನಂಟನ್ನು ಯಾವ ಸರ್ಕಾರಿ ಪಟ್ಟಿಯೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅತ್ತ ‘ಎಲೀಟ್’ ಪಟ್ಟಿಯ ಅರೆವೃತ್ತಿಪರರು ಅಕ್ಟೋಬರ್ 1ಕ್ಕಾಗಿ ಕಾಯುತ್ತಿದ್ದರು. ಆ ದಿನದಿಂದ ಎಲ್ಲ ಕ್ರೀಡಾಂಗಣಗಳಿಗೂ ಒಂದಷ್ಟು ಜನರನ್ನು ಬಿಡುತ್ತೇವೆ ಎಂದು ಸರ್ಕಾರ ಹೇಳಿತ್ತು. ನ್ಯಾಷನಲ್ ಲೀಗ್ ತನ್ನ ಋತುವನ್ನು ಅಕ್ಟೋಬರ್ 3ಕ್ಕೆ ಇಟ್ಟುಕೊಂಡದ್ದೇ ಆ ಭರವಸೆಯ ಮೇಲೆ. ಸೆಪ್ಟೆಂಬರ್ 16ರಂದು ಮೊದಲ ಹೊಡೆತ ಬಿತ್ತು. ಸಾಲದಲ್ಲಿ ಮುಳುಗಿದ್ದ ಮ್ಯಾಕಲ್ಸ್‌ಫೀಲ್ಡ್ ಟೌನ್ ಕ್ಲಬ್ಬನ್ನು ಮುಚ್ಚಲು ನ್ಯಾಯಾಲಯ ಆದೇಶಿಸಿತು. ಅದರ ಸಾಲ ಕೋವಿಡ್‌ಗಿಂತ ಹಳೆಯದು, ಆದರೂ ಉಳಿದವರ ಎದೆ ನಡುಗಿತು. ಸೆಪ್ಟೆಂಬರ್ 22ರಂದು ಪ್ರಧಾನಿ ಬೋರಿಸ್ ಜಾನ್ಸನ್ ಸೋಂಕು ಏರುತ್ತಿರುವುದರಿಂದ ಅಕ್ಟೋಬರ್ 1ರ ಯೋಜನೆ ಕೈಬಿಟ್ಟಿದ್ದೇವೆ ಎಂದು ಘೋಷಿಸಿದರು.

ದಕ್ಷಿಣ ಲಂಡನ್ನಿನ ಡಲ್ವಿಚ್ ಹ್ಯಾಮ್ಲೆಟ್ ಕ್ಲಬ್ಬನ್ನೇ ನೋಡಿ. ಎರಡನೇ ಸ್ಟೆಪ್‌ನ ಅರೆವೃತ್ತಿಪರ ತಂಡವಾದರೂ ಅದರ ಚಾಂಪಿಯನ್ ಹಿಲ್ ಮೈದಾನಕ್ಕೆ ಸಾಮಾನ್ಯ ಶನಿವಾರವೂ ಎರಡು ಸಾವಿರಕ್ಕೂ ಹೆಚ್ಚು ಜನ ಬರುತ್ತಿದ್ದರು. ಈಗ ಒಬ್ಬರೂ ಬರುವಂತಿಲ್ಲ. ಒಂದು ಮೆಟ್ಟಿಲು ಕೆಳಗಿನ ಕ್ಲಬ್ ಅದೇ ನಗರದಲ್ಲಿ, ಅಂಥದೇ ಮೈದಾನದಲ್ಲಿ 600 ಜನರಿಗೆ ಟಿಕೆಟ್ ಮಾರಬಹುದು. ವೈರಸ್ಸು ಲೀಗ್ ಪಟ್ಟಿ ನೋಡಿ ಹರಡುವುದಿಲ್ಲವಲ್ಲ! ಮೈದಾನ ಎಷ್ಟು ದೊಡ್ಡದು, ದಾರಿಗಳೆಷ್ಟು, ಜನ ಹೇಗೆ ಬರುತ್ತಾರೆ ಎಂಬುದನ್ನು ನೋಡಿ ನಿರ್ಧರಿಸಬೇಕಿತ್ತು. ನೋಡಿದ್ದು ಕ್ಲಬ್ ಯಾವ ಮೆಟ್ಟಿಲಲ್ಲಿದೆ ಎಂಬುದನ್ನು ಮಾತ್ರ.

ಜನರಿಲ್ಲದೆ ಆಡಲಾಗದು ಎಂದು ಕ್ಲಬ್‌ಗಳು ಗಟ್ಟಿಯಾಗಿ ಹೇಳಿದ ಮೇಲೆ ಋತು ಶುರುವಾಗಲು ಕೆಲವೇ ದಿನವಿರುವಾಗ ರಾಷ್ಟ್ರೀಯ ಲಾಟರಿಯಿಂದ ಮೂರು ತಿಂಗಳಿಗೆ 1 ಕೋಟಿ ಪೌಂಡ್ ಕೊಡಿಸುವ ಒಪ್ಪಂದವಾಯಿತು. ಹಣವೇನೋ ಬಂತು, ಹಂಚಿಕೆಯಲ್ಲಿ ಜಗಳ ಹುಟ್ಟಿತು. ಮೇಲಿನ ವಿಭಾಗದ ಏಳು ಕ್ಲಬ್‌ಗಳಿಗೆ ತಿಂಗಳಿಗೆ 95 ಸಾವಿರ ಪೌಂಡ್, ಉಳಿದ ಹದಿನಾರಕ್ಕೆ 84 ಸಾವಿರ. ಉತ್ತರ, ದಕ್ಷಿಣ ವಿಭಾಗದವರಿಗೆ 36 ಸಾವಿರ ಅಥವಾ 30 ಸಾವಿರ. ಕಳೆದುಕೊಂಡ ಗೇಟಿನ ಕಾಸಿಗೆ ಪರಿಹಾರ ಎಂದು ಬಂದ ಹಣವನ್ನು ಗೇಟಿನಲ್ಲಿ ಎಷ್ಟು ಜನ ಬರುತ್ತಿದ್ದರು ಎಂದು ಸರಿಯಾಗಿ ನೋಡದೆ ಹಂಚಿದ್ದರು. ಡಲ್ವಿಚ್‌ನಂಥ ಕ್ಲಬ್‌ಗಳು ಸಿಟ್ಟಾದವು. ಎಫ್‌ಎಯ ಮಾಜಿ ಅಧ್ಯಕ್ಷ ಡೇವಿಡ್ ಬರ್ನ್‌ಸ್ಟೈನ್ ಪರಿಶೀಲಿಸಿ ಹಂಚಿಕೆ ನ್ಯಾಯಯುತವಾಗಿರಲಿಲ್ಲ ಎಂದೇ ಹೇಳಿದರು.

ನವೆಂಬರ್ 5ರಂದು ಎರಡನೇ ಲಾಕ್‌ಡೌನ್ ಬಂದು ಕೆಳಗಿನವರ ಹಬ್ಬವೂ ಮುಗಿಯಿತು. ಮೂರನೇ ಸ್ಟೆಪ್‌ನ ಹೆಚ್ಚಿನ ಕ್ಲಬ್‌ಗಳು ಅಷ್ಟರಲ್ಲಿ ಆಡಿದ್ದು ಹತ್ತರ ಆಸುಪಾಸಿನ ಲೀಗ್ ಪಂದ್ಯಗಳು. ಡಿಸೆಂಬರ್ 2ರಿಂದ ಪ್ರದೇಶಗಳನ್ನು ಮೂರು ಶ್ರೇಣಿಗಳಾಗಿ ವಿಂಗಡಿಸಿದರು. ಮೂರನೇ ಶ್ರೇಣಿಯ ಊರುಗಳಲ್ಲಿ ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಒಂದೇ ಲೀಗ್‌ನಲ್ಲಿ ಕೆಲವರಿಗೆ ಜನ, ಕೆಲವರಿಗೆ ಖಾಲಿ ಮೈದಾನ. ಇಂಥ ವ್ಯವಸ್ಥೆಯಲ್ಲಿ ಲೀಗ್ ನಡೆಸುವುದು ಹೇಗೆ? ಹಲವು ಲೀಗ್‌ಗಳು ಮತ್ತೆ ಶುರು ಮಾಡಲೇ ಇಲ್ಲ.

ಆ ಕತ್ತಲೆಯ ಚಳಿಗಾಲದಲ್ಲೇ ಮರೀನ್ ಕ್ಲಬ್‌ನ ಪ್ರಸಂಗ ನಡೆಯಿತು. ಲಿವರ್‌ಪೂಲ್ ಪಕ್ಕದ ಕ್ರಾಸ್ಬಿಯಲ್ಲಿರುವ ಈ ಕ್ಲಬ್ 1894ರಲ್ಲಿ ಹುಟ್ಟಿದ್ದು, ಆಗ ಇದ್ದದ್ದು ನಾಲ್ಕನೇ ಸ್ಟೆಪ್‌ನಲ್ಲಿ, ಅಂದರೆ ಇಡೀ ಏಣಿಯ ಎಂಟನೇ ಹಂತದಲ್ಲಿ. ಅದರ ರಾಸೆಟ್ ಪಾರ್ಕ್ ಮೈದಾನದ ಒಂದು ಬದಿಯಲ್ಲಿ ಪ್ರೇಕ್ಷಕರಿಗೆ ಜಾಗವೇ ಇಲ್ಲ. ಗೆರೆಯಾಚೆ ಬೇಲಿ, ಬೇಲಿಯಾಚೆ ಮನೆಗಳ ಹಿತ್ತಲು. ಚೆಂಡು ಹಿತ್ತಲಿಗೆ ಬಿದ್ದರೆ ಮನೆಯವರು ಎಸೆದು ಕೊಡಬೇಕು.

ದೊಡ್ಡ, ಸಣ್ಣ ಕ್ಲಬ್‌ಗಳೆರಡೂ ಆಡುವ ಎಫ್‌ಎ ಕಪ್‌ನಲ್ಲಿ ಮರೀನ್ ಒಂದೊಂದೇ ಸುತ್ತು ದಾಟುತ್ತ, ವೃತ್ತಿಪರ ತಂಡವಾದ ಕೋಲ್‌ಚೆಸ್ಟರ್ ಯುನೈಟೆಡ್ಡನ್ನು ಪೆನಾಲ್ಟಿಯಲ್ಲಿ ಸೋಲಿಸಿ, ಮೂರನೇ ಸುತ್ತಿಗೆ ಬಂತು. ಚೀಟಿ ಎತ್ತಿದಾಗ ಸಿಕ್ಕಿದ್ದು ಜೋಸೆ ಮೊರಿನ್ಯೊ ತರಬೇತಿಯ, ಪ್ರೀಮಿಯರ್ ಲೀಗ್‌ನ ಟಾಟನ್‌ಹ್ಯಾಮ್, ಅದೂ ಮನೆ ಮೈದಾನದಲ್ಲಿ! ಶಿಕ್ಷಕರು, ಆಸ್ಪತ್ರೆ ನೌಕರರು, ಕಸದ ಲಾರಿಯಲ್ಲಿ ದುಡಿಯುವವರು ಇದ್ದ ತಂಡಕ್ಕೆ ಜೀವಮಾನದ ಪಂದ್ಯ, ಕ್ಲಬ್‌ಗೆ ಜೀವಮಾನದ ಗೇಟು. ಕೆಲವು ನೂರು ಜನರಿಗಾದರೂ ಅವಕಾಶ ಸಿಕ್ಕೀತೆಂಬ ಆಸೆ ಇತ್ತು. ಡಿಸೆಂಬರ್ 31ರಂದು ಲಿವರ್‌ಪೂಲ್ ಪ್ರದೇಶ ಮೂರನೇ ಶ್ರೇಣಿಗೆ ಹೋಯಿತು, ಜನವರಿಯ ಮೊದಲ ವಾರದಲ್ಲಿ ದೇಶಕ್ಕೇ ಮತ್ತೆ ಲಾಕ್‌ಡೌನ್.

ಕ್ಲಬ್ ಬೇರೆ ದಾರಿ ಹುಡುಕಿತು. ಒಳಗೆ ಬರಲಾಗದ ಪಂದ್ಯಕ್ಕೆ 10 ಪೌಂಡಿನ ‘ವರ್ಚುವಲ್ ಟಿಕೆಟ್’ ಮಾರಿತು. ಕೊಂಡವರ ಹೆಸರನ್ನು ಚೀಟಿ ಎತ್ತಿ, ಗೆದ್ದವರಿಗೆ ಒಂದು ಸ್ನೇಹಪಂದ್ಯದಲ್ಲಿ ಮರೀನ್ ತಂಡದ ಮ್ಯಾನೇಜರ್ ಆಗುವ ಅವಕಾಶ. ದೇಶದ ಎಲ್ಲೆಡೆಯಿಂದ, ಎದುರಾಳಿ ಟಾಟನ್‌ಹ್ಯಾಮ್‌ನ ಅಭಿಮಾನಿಗಳಿಂದಲೂ, ಹಣ ಹರಿದುಬಂತು. ಮಾರಾಟವಾದ ಟಿಕೆಟ್ 30 ಸಾವಿರ ದಾಟಿತು, ಅಂದರೆ ಮೂರು ಲಕ್ಷ ಪೌಂಡ್‌ಗೂ ಹೆಚ್ಚು. 2021ರ ಜನವರಿ 10ರಂದು ಪಂದ್ಯ ನಡೆದಾಗ ಹಿತ್ತಲುಗಳಲ್ಲಿ ಮನೆಯವರು ನಿಂತು, ಬೇಲಿಯ ಮೇಲಿಂದ ಇಣುಕಿ ನೋಡಿದರು. ಗೋಲಿಲ್ಲದಿದ್ದ ಆರಂಭದ ಹೊತ್ತಿನಲ್ಲಿ ಮರೀನ್‌ನ ನೀಲ್ ಕೆಂಗ್ನಿ ಹೊಡೆದ ಚೆಂಡು ಟಾಟನ್‌ಹ್ಯಾಮ್ ಗೋಲಿನ ಅಡ್ಡಕಂಬಕ್ಕೆ ಬಡಿದು ಹೊರಬಂತು. ಕೊನೆಗೆ 0–5. ಸೋತರೂ ಮರೀನ್‌ನ ಖಜಾನೆ ತುಂಬಿತ್ತು. ಆದರೆ ಟಾಟನ್‌ಹ್ಯಾಮ್ ಸಿಕ್ಕಿದ್ದು ಒಂದೇ ಕ್ಲಬ್‌ಗೆ.

ಆ ತಿಂಗಳಲ್ಲೇ ಬ್ರಿಟನ್ನಿನ ಕೋವಿಡ್ ಸಾವಿನ ಸಂಖ್ಯೆ ಒಂದು ಲಕ್ಷ ದಾಟಿತು. ಆಸ್ಪತ್ರೆಗಳು ತುಂಬಿದ್ದಾಗ ಮೈದಾನದ ಗೇಟು ಮುಚ್ಚಿದ್ದು ತಪ್ಪಲ್ಲ, ಅದನ್ನು ಕ್ಲಬ್‌ಗಳೂ ಒಪ್ಪಿದ್ದವು. ತಪ್ಪಿದ್ದು ಆಮೇಲೆ. ಲಾಟರಿ ಹಣದ ಮೂರು ತಿಂಗಳು ಮುಗಿಯುತ್ತಿದ್ದಂತೆ ಸರ್ಕಾರ ಮುಂದಿನ ನೆರವು ಬಹುಪಾಲು ಸಾಲದ ರೂಪದಲ್ಲಿ ಎಂದಿತು. ನವೆಂಬರ್‌ನಲ್ಲಿ ದೊಡ್ಡದಾಗಿ ಘೋಷಿಸಿದ್ದ 30 ಕೋಟಿ ಪೌಂಡಿನ ಕ್ರೀಡಾ ನೆರವು ಕೂಡ ಹೆಚ್ಚಾಗಿ ಸಾಲವೇ. ವರ್ಷವಿಡೀ ಆದಾಯವಿಲ್ಲದವರು ಸಾಲ ತೆಗೆದು ಖಾಲಿ ಮೈದಾನದಲ್ಲಿ ಆಡಿ, ಆ ಸಾಲವನ್ನು ತೀರಿಸುವುದು ಯಾವುದರಿಂದ?

ನ್ಯಾಷನಲ್ ಲೀಗ್ ತನ್ನ ಕ್ಲಬ್‌ಗಳಿಂದಲೇ ಮತ ಕೇಳಿತು. ಫೆಬ್ರುವರಿ 18ರಂದು ಫಲಿತಾಂಶ ಬಂತು: ಮೇಲಿನ ವಿಭಾಗ ಮುಂದುವರಿಯುತ್ತದೆ, ಉತ್ತರ ಮತ್ತು ದಕ್ಷಿಣ ವಿಭಾಗಗಳ ಋತು ರದ್ದು. ಉತ್ತರದಲ್ಲಿ ಮೊದಲ ಸ್ಥಾನದಲ್ಲಿದ್ದ ಗ್ಲಾಸ್ಟರ್ ಸಿಟಿ, ದಕ್ಷಿಣದಲ್ಲಿ ಮೊದಲಿದ್ದ ಡಾರ್ಕಿಂಗ್ ವಾಂಡರರ್ಸ್ ಬರಿಗೈಯಲ್ಲಿ ಮನೆಗೆ ಹೋದವು. ಫೆಬ್ರುವರಿ 24ರಂದು ಎಫ್‌ಎ ಮೂರರಿಂದ ಆರನೇ ಸ್ಟೆಪ್‌ನ ಋತುವನ್ನೂ ಮೊಟಕುಗೊಳಿಸಿತು. ಸತತ ಎರಡನೇ ವರ್ಷ ಅವರಿಗೆ ಚಾಂಪಿಯನ್ನರಿಲ್ಲ.

ಮುಂದುವರಿದ ಮೇಲಿನ ವಿಭಾಗದಲ್ಲಿ ಡೋವರ್ ಅಥ್ಲೆಟಿಕ್ ‘ಸಾಲ ತೆಗೆದು ಆಡುವುದಿಲ್ಲ’ ಎಂದು ಹಟ ಹಿಡಿದು ಮತ್ತೆ ಮೈದಾನಕ್ಕೆ ಇಳಿಯಲಿಲ್ಲ. ಅದರ ಅದುವರೆಗಿನ ಫಲಿತಾಂಶಗಳನ್ನೆಲ್ಲ ಅಳಿಸಿದರು, 40 ಸಾವಿರ ಪೌಂಡ್ ದಂಡ ಹಾಕಿದರು, ಮುಂದಿನ ಋತುವಿಗೆ 12 ಅಂಕ ಕಡಿತ ಮಾಡಿದರು. ಶೂನ್ಯಕ್ಕಿಂತ ಕೆಳಗಿನಿಂದ ಶುರು ಮಾಡಿದ ಡೋವರ್ 2021–22ರಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದು ಹಿಂಬಡ್ತಿ ಹೊಂದಿತು. ಡೋವರ್ ನಿಯಮ ಮುರಿದದ್ದು ನಿಜ. ಆದರೆ ನೆರವಿನ ಭರವಸೆ ಕೊಟ್ಟು ಋತು ಆರಂಭಿಸಿ, ಅರ್ಧದಲ್ಲಿ ಷರತ್ತು ಬದಲಿಸಿದವರಿಗೆ ಯಾವ ಅಂಕವೂ ಕಡಿತವಾಗಲಿಲ್ಲ.

2021ರ ಜುಲೈ 19ರಂದು ಇಂಗ್ಲೆಂಡಿನಲ್ಲಿ ನಿರ್ಬಂಧಗಳು ತೆರವಾದವು. ಆಗಸ್ಟ್‌ನಲ್ಲಿ ಗೇಟುಗಳು ಪೂರ್ತಿ ತೆರೆದಾಗ ಜನ ಮರಳಿ ಬಂದರು. ಮುಚ್ಚಿಹೋಗಿದ್ದ ಮ್ಯಾಕಲ್ಸ್‌ಫೀಲ್ಡ್ ಹೊಸ ಮಾಲೀಕರ ಕೈಯಲ್ಲಿ, ಹೊಸ ಹೆಸರಲ್ಲಿ ಐದನೇ ಸ್ಟೆಪ್‌ನಿಂದ ಮತ್ತೆ ಶುರು ಮಾಡಿತು. ಅಷ್ಟು ಕೆಳಗಿನ ಲೀಗ್‌ನ ಪಂದ್ಯಗಳಿಗೆ ಮೂರು ಸಾವಿರಕ್ಕೂ ಹೆಚ್ಚು ಜನ ಬಂದರು, ಮೊದಲ ಋತುವಿನಲ್ಲೇ ಕ್ಲಬ್ ಚಾಂಪಿಯನ್ ಆಯಿತು. ಮರೀನ್ 2024ರ ಹೊತ್ತಿಗೆ ಎರಡು ಮೆಟ್ಟಿಲು ಮೇಲೇರಿತು. 27ಕ್ಕೆ 27 ಗೆದ್ದಿದ್ದ ಜರ್ಸಿ ಬುಲ್ಸ್‌ಗೆ ಬಡ್ತಿ ಒಂದು ವರ್ಷ ತಡವಾಗಿ, 2021ರಲ್ಲಿ ಸಿಕ್ಕಿತು. ಸೌತ್ ಶೀಲ್ಡ್ಸ್ ಇನ್ನೂ ಕಾಯಬೇಕಾಯಿತು. 2020ರಲ್ಲಿ ಅಳಿಸಿಹೋದ ಆ ಲೀಗ್ ಪಟ್ಟವನ್ನು ಅದು ಮೈದಾನದಲ್ಲಿ ಮತ್ತೆ ಗೆದ್ದು ಬಡ್ತಿ ಪಡೆದದ್ದು 2023ರಲ್ಲಿ.